ತೂಕ ಬೀಳುವ ಸದ್ದು

ಹೊಂಡದ ತಳಕ್ಕೆ ಹಾಸುವ ಕಪ್ಪು ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆಯನ್ನು ಪರೀಕ್ಷಿಸುವುದೆಂದರೆ, ನಾನು ಲ್ಯಾಬಿಗೆ ಸೇರಿದ ಹೊಸತರಲ್ಲಿ, ಎಳೆದು ನೋಡುವುದು. ಮಷೀನಿಗೆ ಸಿಕ್ಕಿಸಿದ ತುಂಡು ಏಳು ಪಟ್ಟು ಹಿಗ್ಗಿದರೂ ಹರಿಯುತ್ತಿರಲಿಲ್ಲ. ನೋಡಲು ಬಂದವರು ತಲೆದೂಗಿ ಹೋಗುತ್ತಿದ್ದರು.

ಬಿರುಕಿನ ಪರೀಕ್ಷೆಯೂ ಇತ್ತೆನ್ನಿ. ಟೆಲಿಫೋನ್ ಕೇಬಲ್ಲಿನ ಹೊದಿಕೆಗೆಂದು ಅಮೆರಿಕದ ಬೆಲ್‌ನವರು ಕಂಡುಕೊಂಡದ್ದು: ಹತ್ತು ಪಟ್ಟಿಗಳಿಗೆ ಗೀರು ಹಾಕಿ, ಲಾಳದಂತೆ ಬಗ್ಗಿಸಿ, ಸೋಪಿನಂಥ ದ್ರಾವಣದಲ್ಲಿ ಮುಳುಗಿಸುವುದು. ಆದರೆ ಬಗ್ಗಿಸಿಟ್ಟ ಪ್ಲಾಸ್ಟಿಕ್ ದಿನ ಕಳೆದಂತೆ ಬಿಗಿ ಬಿಟ್ಟು ಆರಾಮಾಗಿಬಿಡುತ್ತದೆ. ಮತ್ತೆ ಬಿರುಕು ಬಿಡುವುದೆಲ್ಲಿ!

ಆಮೇಲೆ ಬಂತು ತೂಕ ತೂಗುಹಾಕುವ ಪರೀಕ್ಷೆ. ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕೋರ್ನರ್, ಗ್ರೇಸ್ ಶುವಾನ್ ಇದಕ್ಕಾಗಿ ದುಡಿದವರು. ಒಂದೂವರೆ ಮಿಲಿಮೀಟರ್ ಹಾಳೆಗೆ 0.3 ಮಿ.ಮೀ. ಗೀರು, 50 ಡಿಗ್ರಿಯ ದ್ರಾವಣ, ಹಾಳೆ ಸೋಲುವ ಬಲದ ಶೇ. 30ರಷ್ಟೇ ಭಾರ. ತುಂಡು ಕಡಿದರೆ ತೂಕ ಬೀಳುತ್ತದೆ, ಅದರ ಗಡಿಯಾರ ನಿಲ್ಲುತ್ತದೆ.

ಏಳು ಪಟ್ಟು ಹಿಗ್ಗಿದ್ದ ಅದೇ ಹಾಳೆ ಎರಡನೇ ರಾತ್ರಿ ಟಪ್ಪನೆ ಬಿತ್ತು. ಕಡಿದ ಅಂಚು ಗಾಜಿನ ಚೂರಿನಂತೆ ನುಣ್ಣಗಿತ್ತು. ಪ್ಲಾಸ್ಟಿಕ್ಕಿನೊಳಗಿನ ಹರಳುಗಳನ್ನು ಹಿಡಿದಿಟ್ಟ ಉದ್ದನೆಯ ಎಳೆಗಳು, ಜೋರಾಗಿ ಜಗ್ಗಿದಾಗ ಹರಳುಗಳನ್ನೇ ಎಳೆದುಕೊಂಡು ಬರುತ್ತವೆ. ಸಣ್ಣ ಭಾರ ಸುಮ್ಮನೆ ತೂಗುತ್ತಿದ್ದರೆ ಒಂದೊಂದಾಗಿ ಜಾರಿಕೊಳ್ಳುತ್ತವೆ. ಅಂದಿನಿಂದ ಎಳೆಯುವ ಮಷೀನಿನ ಮೇಲೆ ನನಗೆ ಅಷ್ಟು ಗೌರವ ಉಳಿಯಲಿಲ್ಲ.

ಅಮೆರಿಕದ ಜಿಎಂ13 ನಿಯಮದಲ್ಲಿ ತುಂಡು 300 ಗಂಟೆ ಕಡಿಯದೆ ತಡೆದರೆ ಸಾಕೆಂದಿದ್ದುದು ಮುಂದೆ 500ಕ್ಕೇರಿತು. ಅಂದರೆ ಹೆಚ್ಚುಕಡಿಮೆ ಇಪ್ಪತ್ತೊಂದು ದಿನ. ಹತ್ತೊಂಬತ್ತನೇ ದಿನ ಕರೆಂಟು ಹೋಗಿ ದ್ರಾವಣ ತಣ್ಣಗಾದರೆ ಹೊಟ್ಟೆ ಉರಿಯುತ್ತಿತ್ತು. ಯುಪಿಎಸ್ ಬಂದ ಮೇಲಷ್ಟೇ ನಾನು ನೆಮ್ಮದಿಯಾಗಿ ಮಲಗಿದ್ದು.

ಹಾಳೆಗೆ ಹಾಳೆ ಕೂಡಿಸುವ ಬೆಸುಗೆಯ ಕಥೆ ಬೇರೆ. ಸೈಟಿನಲ್ಲಿ ಹುಡುಗರು ಬೆಸುಗೆಯ ತುಂಡು ಕತ್ತರಿಸಿ ಸುಲಿದು ನೋಡುತ್ತಾರೆ. ಬೆಸುಗೆ ಬಿಡದೆ ಹಾಳೆಯೇ ಹರಿದರೆ ಪಾಸು. ಒಮ್ಮೆ ಒಂದು ಕಾರ್ಖಾನೆಯ ಹೊಂಡದಲ್ಲಿ ಬೆಸುಗೆಯೆಲ್ಲ ಹೀಗೆ ಪಾಸಾಗಿತ್ತು. ಮೊದಲ ಚಳಿಗಾಲಕ್ಕೇ ಪಕ್ಕದ ಹಾಳೆ ಬೆಸುಗೆಯುದ್ದಕ್ಕೂ ಸೀಳಿತು. ಬೆಸೆಯುವ ಮುನ್ನ ಗ್ರೈಂಡರ್ ಹಿಡಿದವನು ಅಗತ್ಯಕ್ಕಿಂತ ಆಳಕ್ಕೆ, ಅದೂ ಬೆಸುಗೆಯ ನೇರಕ್ಕೇ ಉಜ್ಜಿದ್ದ. ನಾವು ಬ್ಲೇಡಿನಿಂದ ಹಾಕುವ ಗೀರನ್ನು ಅವನು ಮೊದಲೇ ಹಾಕಿಕೊಟ್ಟಿದ್ದ. ಐವತ್ತು ಮೀಟರ್ ಹಾಳೆ 30 ಡಿಗ್ರಿ ತಣ್ಣಗಾದರೆ ಸುಮಾರು ಒಂದು ಗೇಣು ಕುಗ್ಗುತ್ತದೆ. ಮಧ್ಯಾಹ್ನ ನೆರಿಗೆ ನೆರಿಗೆಯಾಗಿ ಬಿದ್ದಿದ್ದದ್ದು ಬೆಳಗಿನ ಜಾವಕ್ಕೆ ತಮಟೆಯಂತೆ ಬಿಗಿಯುತ್ತದೆ. ತೂಕವನ್ನು ಬೇರೆ ಯಾರೂ ಕಟ್ಟಬೇಕಿರಲಿಲ್ಲ.

ಹಾಳೆ ಕೊಳ್ಳುವವರು ತೂಕದ ಪರೀಕ್ಷೆಯ ಗಂಟೆಗಳ ಲೆಕ್ಕವಿರುವ ಕಾಗದ ಕೇಳಿ ಪಡೆಯಿರಿ. ಅದರಲ್ಲಿರುವ ರೋಲ್ ನಂಬರನ್ನು ಸೈಟಿಗೆ ಇಳಿದ ರೋಲಿನ ಜತೆ ತಾಳೆ ನೋಡಿ.