ಯಾರ ಧಾಟಿ, ಯಾರ ಬಾಯಿ: ನವೆಂಬರ್ ಟಿಪ್ಪಣಿಗಳು

ನವೆಂಬರ್ ಒಂದನೇ ತಾರೀಖಿನ ರಾಜ್ಯೋತ್ಸವ ಬೆಂಗಳೂರಿನಲ್ಲಿ ಡಿಸೆಂಬರ್‌ವರೆಗೂ ಎಳೆಯುವುದಕ್ಕೆ ಕಾರಣ ಅಭಿಮಾನದ ಉಕ್ಕು ಅಂದುಕೊಂಡಿದ್ದೆ. ಕೀಬೋರ್ಡ್ ನುಡಿಸುವವರ ಅಭಾವವೂ ಒಂದು ಕಾರಣವಂತೆ. ಹೇಳಿದವರು ಆರ್ಕೆಸ್ಟ್ರಾ ನಡೆಸುವ ಹಿರಿಯರು. ಒಂದನೇ ತಾರೀಖು ಎಲ್ಲ ಬಡಾವಣೆಗೂ ಬೇಕು, ಕೈ ಓಡುವ ಕೀಬೋರ್ಡಿನವರು ಎಷ್ಟು ಜನ ಸಿಗುತ್ತಾರೆ? ಉಳಿದ ಸಂಘಗಳು ಎರಡನೇ ಭಾನುವಾರ, ಮೂರನೇ ಭಾನುವಾರ ಅಂತ ಸಾಲಿನಲ್ಲಿ ನಿಲ್ಲಬೇಕು. ಹಾಗಾಗಿ ಬ್ಯಾನರಿನ ಮೇಲೆ ತಂಡದ ಹೆಸರು ಬದಲಾಗುತ್ತಿದ್ದರೂ ವೇದಿಕೆಯ ಎಡಮೂಲೆಯಲ್ಲಿ ಕೂತ ಮನುಷ್ಯ ಮಾತ್ರ ಬದಲಾಗುವುದಿಲ್ಲ. ಇವನು ಯಾವ ತಂಡದವನು ಎಂದು ಕೇಳಿದರೆ, ‘ಇವತ್ತಿಗೆ ಇವರದ್ದು’ ಅಂದ.

*

ಒಂದೇ ಸಂಜೆಗೆ ಎರಡು ತಂಡ ಕರೆಯುವ ಪದ್ಧತಿ ಹಲವು ಕಡೆ ಇದೆ. ಮೊದಲು ಸುಗಮ ಸಂಗೀತ, ಊಟದ ಹೊತ್ತಿಗೆ ಆರ್ಕೆಸ್ಟ್ರಾ. ಮೊದಲನೆಯದು ಹಿರಿಯರಿಗೆ, ಎರಡನೆಯದು ಹುಡುಗರಿಗೆ ಎಂಬ ಲೆಕ್ಕ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ನಡೆಯುವುದು ಬೇರೆ. ಸುಗಮ ಸಂಗೀತದವರು ಕುವೆಂಪು, ನಿಸಾರ್ ಅಹಮದ್ ಎಂದು ಶುರುಮಾಡುತ್ತಾರೆ. ಅರ್ಧ ಗಂಟೆಯೊಳಗೆ ಚೀಟಿ ಬರುತ್ತದೆ: ‘ಅಣ್ಣಾವ್ರ ಒಂದು ಹಾಡು.’ ಹಾರ್ಮೋನಿಯಂ ಮೇಷ್ಟ್ರು ಮುಖ ಗಂಟಿಕ್ಕಿಕೊಂಡೇ ‘ಆಕಸ್ಮಿಕ’ ಚಿತ್ರದ ಆ ಹಾಡಿಗೆ ಬೆರಳು ಇಡುತ್ತಾರೆ. ಆಮೇಲೆ ಆರ್ಕೆಸ್ಟ್ರಾದವರು ಏರುತ್ತಾರೆ, ದೀಪ ಬಣ್ಣ ಬದಲಿಸುತ್ತದೆ, ಮತ್ತು ಅವರು ಶುರುಮಾಡುವುದು ‘ನಿತ್ಯೋತ್ಸವ’ದಿಂದ! ಡ್ರಮ್ಸು, ಬೇಸ್ ಗಿಟಾರು ಎಲ್ಲ ಸೇರಿಸಿ.

ಒಬ್ಬರ ಮನೆಯ ಹಾಡನ್ನು ಇನ್ನೊಬ್ಬರು ಹೊತ್ತುಕೊಂಡು ಹೋದರು. ಯಾರಿಗೂ ಬೇಸರವಿಲ್ಲ, ಯಾರೂ ಯಾರ ಅಪ್ಪಣೆಯನ್ನೂ ಕೇಳಿದ ಹಾಗೆ ಕಾಣಲಿಲ್ಲ. ಇನ್ನೂ ವಿಚಿತ್ರವೆಂದರೆ ‘ನಿತ್ಯೋತ್ಸವ’ವನ್ನು ಮೊದಲ ತಂಡ ಆಗಲೇ ಹಾಡಿಯಾಗಿತ್ತು. ಒಂದೇ ಸಂಜೆ, ಒಂದೇ ಮೈಕು, ಎರಡು ಸಲ. ಜನ ಎರಡೂ ಸಲ ಚಪ್ಪಾಳೆ ತಟ್ಟಿದರು.

*

ಹತ್ತಿರದಿಂದ ನೋಡಿದ್ದು. ಆರ್ಕೆಸ್ಟ್ರಾದ ಗಂಡು ದನಿ ‘ಕರಿ ಒಂದು’ ಅಂದ. ಮುಂದಿನ ಹಾಡಿಗೆ ಹುಡುಗಿ ಬಂದಳು, ಎಡಗೈಯ ನಾಲ್ಕು ಬೆರಳು ತೋರಿಸಿ ‘ಬಿಳಿ’ ಎಂದು ತುಟಿ ಆಡಿಸಿದಳು. ಕೀಬೋರ್ಡಿನವನು ಒಂದು ಗುಂಡಿಯನ್ನು ನಾಲ್ಕು ಸಲ ಒತ್ತಿದ, ಅಷ್ಟೆ. ಕರಿ ಒಂದರಿಂದ ಬಿಳಿ ನಾಲ್ಕಕ್ಕೆ ನಾಲ್ಕು ಅರ್ಧಸ್ವರ. ಅವನ ಬೆರಳು ಹಿಂದಿನ ಜಾಗದಲ್ಲೇ ಆಡುತ್ತಿತ್ತು, ಶ್ರುತಿ ಮಾತ್ರ ಮೇಲಕ್ಕೆ ಹೋಗಿತ್ತು. ಇದೇ ಕೆಲಸಕ್ಕೆ ಹಾರ್ಮೋನಿಯಂ ಮೇಷ್ಟ್ರು ಅರ್ಧ ತಾಸಿನ ಹಿಂದೆ ಪೂರಾ ಬೆರಳುಗಾರಿಕೆಯನ್ನೇ ಬದಲಿಸಿಕೊಂಡಿದ್ದರು, ಎರಡು ಕಡೆ ತಡವರಿಸಿಯೂ ಇದ್ದರು. ನನಗೆ ಆ ತಡವರಿಕೆಯೇ ಹಿಡಿಸಿತು. ಹಾಡು ಬೇರೆಯವರಿಂದ ಬಂದದ್ದು ಎಂಬುದು ಅಲ್ಲಿ ಒಂದು ಕ್ಷಣ ಕೇಳಿಸುತ್ತದೆ.

ಪ್ಯಾಡಿನ ಹುಡುಗ ಎರಡು ಕೋಲಿನಲ್ಲಿ ತಬಲ, ಢೋಲಕ್, ಡೊಳ್ಳು ಎಲ್ಲ ಬಾರಿಸುತ್ತಿದ್ದ. ‘ಆಕಸ್ಮಿಕ’ದ ಆ ಹಾಡನ್ನು ಪರದೆಯ ಮೇಲೆ ರಾಜ್‌ಕುಮಾರ್ ಜಟಕಾ ಓಡಿಸುತ್ತ ಹಾಡಿದವರಲ್ಲವೆ, ಅದಕ್ಕೆ ಕುದುರೆ ಗೊರಸಿನ ಸದ್ದನ್ನೂ ಒಂದು ಮೂಲೆಯ ಪ್ಯಾಡಿಗೆ ತುಂಬಿಸಿಟ್ಟಿದ್ದ. ಅದನ್ನು ತಟ್ಟಿದಾಗ ಹಿಂದಿನ ಸಾಲಿನಿಂದ ಶಿಳ್ಳೆ ಬಂತು.

*

ಈ ಶಿಳ್ಳೆಯ ತರ್ಕ ನನಗೆ ಬಿಡಿಸಲಾಗಿಲ್ಲ. ಕಚೇರಿಯಲ್ಲಿ ತ್ಯಾಗರಾಜರ ಕೃತಿಯನ್ನು ಎತ್ತಿಕೊಂಡರೆ ‘ಬೇರೆಯವರದ್ದನ್ನು ಹಾಡಿದರು’ ಅನ್ನುವವರಿಲ್ಲ. ಹಾಡಲು ಇರುವುದೇ ಅದು. ಅಲ್ಲಿ ನೆರವಲು, ಸ್ವರಪ್ರಸ್ತಾರ ತನ್ನದಾಗಿರಬೇಕು. ಇನ್ನೊಬ್ಬ ವಿದ್ವಾಂಸರ ಹಾಗೇ ಹಾಡಿದರೆ ‘ಅವರ ನೆರಳು’ ಎಂದು ಪಕ್ಕದವರು ಪಿಸುಗುಟ್ಟುತ್ತಾರೆ. ಬಡಾವಣೆಯ ವೇದಿಕೆಯಲ್ಲಿ ನ್ಯಾಯ ತಲೆಕೆಳಗು. ಹಾಡಿನ ನಡುವಿನ ಕೊಳಲು ಸಿನಿಮಾದಲ್ಲಿದ್ದ ಹಾಗೇ ಬರಬೇಕು, ಒಂದು ಗಮಕ ಆಚೀಚೆ ಆದರೆ ಕೇಳುಗರ ಮುಖದಲ್ಲಿ ಅಸಮಾಧಾನ. ‘ಒರಿಜಿನಲ್ ಥರಾನೇ ಇತ್ತು ಗುರೂ’ ಎಂಬುದು ಇಲ್ಲಿ ಅತಿ ದೊಡ್ಡ ಬಿರುದು. ಕೊಳಲಿನ ಹುಡುಗನೊಬ್ಬ ತನ್ನದೇ ಎರಡು ಸಾಲು ಸೇರಿಸಿದ. ಬಹಳ ಚೆಂದವಾಗಿತ್ತು, ಯಾರೂ ಗಮನಿಸಲಿಲ್ಲ. ಮುಂದಿನ ಸುತ್ತಿನಲ್ಲಿ ಅವನೂ ಕ್ಯಾಸೆಟ್ಟಿನಂತೆಯೇ ನುಡಿಸಿದ.

ಆದರೆ ಭಾವಗೀತೆಯ ವಿಷಯಕ್ಕೆ ಬಂದಾಗ ಅದೇ ಜನ ಅಷ್ಟು ಕಟ್ಟುನಿಟ್ಟಲ್ಲ. ಅಲ್ಲಿ ವೇಗ ಹೆಚ್ಚಿಸಿದರೂ, ಕೋರಸ್ ಸೇರಿಸಿದರೂ ನಡೆಯುತ್ತದೆ. ಯಾಕೆ? ಸಿನಿಮಾ ಹಾಡಿಗೆ ಒಂದೇ ಒಂದು ಮೂಲವಿದೆ, ಎಲ್ಲರೂ ಅದನ್ನೇ ಕೇಳಿ ಬೆಳೆದವರು. ಭಾವಗೀತೆ ಒಬ್ಬೊಬ್ಬರಿಗೆ ಒಂದೊಂದು ಬಾಯಿಂದ ಬಂದದ್ದು: ಶಾಲೆಯ ಪ್ರಾರ್ಥನೆ, ಆಕಾಶವಾಣಿ, ಚಿಕ್ಕಮ್ಮನ ಅಡುಗೆಮನೆ. ಈ ವಿವರಣೆ ಸಾಕೋ ಇಲ್ಲವೋ, ಸದ್ಯ ಇಷ್ಟು ಬರೆದಿಟ್ಟಿದ್ದೇನೆ.

*

ಆರ್ಕೆಸ್ಟ್ರಾದ ಗಾಯಕನನ್ನು ಕೇಳಿದೆ: ‘ನಿತ್ಯೋತ್ಸವದ ಧಾಟಿ ಯಾರದ್ದು?’ ‘ಸಾರ್, ಅದು ಹಳೇದು’ ಅಂದ. ಹಳೆಯದು ನಿಜ. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ, 1978ರ ಧ್ವನಿಸುರುಳಿ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಅದಕ್ಕೂ ಮುಂಚೆ ಪಿ. ಕಾಳಿಂಗರಾಯರು ಸೋಹನ್‌ಕುಮಾರಿ, ಮೋಹನ್‌ಕುಮಾರಿಯರ ಜತೆಗೂಡಿ ಕವಿತೆಗಳನ್ನು ಊರೂರಿನ ವೇದಿಕೆಗೆ ಒಯ್ದವರು. ಗಾಯಕನಿಗೆ ನಿಸಾರರ ಹೆಸರು ಗೊತ್ತಿತ್ತು, ಅನಂತಸ್ವಾಮಿಯವರದ್ದು ನೆನಪಿಗೆ ಬರಲಿಲ್ಲ. ಆದರೆ ಅವನ ಗಂಟಲಿನಲ್ಲಿ ಇದ್ದದ್ದು ಅನಂತಸ್ವಾಮಿಯವರೇ, ತಿರುವು ತಿರುವಿಗೂ.

ಕವಿಯ ಹೆಸರು ಉಳಿಯುತ್ತದೆ, ಹಾಡಿದವರ ಹೆಸರು ಉಳಿಯುತ್ತದೆ. ಧಾಟಿ ಹಾಕಿದವರು ನಡುವೆ ಎಲ್ಲೋ ಕಳೆದುಹೋಗುತ್ತಾರೆ. ಹಂಸಲೇಖರಂತೆ ಸಾಹಿತ್ಯ, ಸಂಗೀತ ಎರಡನ್ನೂ ತಾವೇ ಮಾಡಿದವರು ಮಾತ್ರ ಬಚಾವು.

*

ಇದಕ್ಕೆ ಒಂದೇ ಒಂದು ದೊಡ್ಡ ಅಪವಾದವಿದೆ, ಅದು ನಾಡಗೀತೆ. ಕುವೆಂಪು ಅವರ ಆ ಕವಿತೆ 2004ರಲ್ಲಿ ಅಧಿಕೃತ ನಾಡಗೀತೆಯಾಯಿತು. ಪದಗಳು ಅಧಿಕೃತವಾದವು, ಧಾಟಿ ಆಗಲಿಲ್ಲ. ಮೈಸೂರು ಅನಂತಸ್ವಾಮಿಯವರದ್ದೊಂದು, ಸಿ. ಅಶ್ವಥ್ ಅವರದ್ದೊಂದು, ಎರಡೂ ಚಲಾವಣೆಯಲ್ಲಿದ್ದವು. ಎಷ್ಟೋ ಸಭೆಗಳಲ್ಲಿ ವೇದಿಕೆಯ ಮೇಲಿನವರು ಒಂದರಲ್ಲಿ, ಕೆಳಗೆ ನಿಂತ ಮೇಷ್ಟ್ರುಗಳು ಇನ್ನೊಂದರಲ್ಲಿ ಹಾಡಿ ಎರಡನೇ ಚರಣದ ಹೊತ್ತಿಗೆ ಎಲ್ಲರೂ ದನಿ ತಗ್ಗಿಸುತ್ತಿದ್ದದ್ದನ್ನು ನೋಡಿದ್ದೇನೆ. ಜತೆಗೆ ಎಳೆದಾಟದ ದೂರು ಬೇರೆ: ಆಲಾಪ, ಮರುಕಳಿಕೆ ಸೇರಿ ಹಾಡು ಮುಗಿಯುವಷ್ಟರಲ್ಲಿ ವಯಸ್ಸಾದವರ ಕಾಲು ಸೋಲುತ್ತಿತ್ತು.

ಕೊನೆಗೆ ಎಚ್.ಆರ್. ಲೀಲಾವತಿಯವರ ಅಧ್ಯಕ್ಷತೆಯ ಸಮಿತಿ ಕೂತು ಶಿಫಾರಸು ಮಾಡಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಮುಗಿಸಬೇಕು ಎಂದಿತು. ಅಷ್ಟರಲ್ಲಿ ಧಾಟಿ ಹಾಕಿದ ಇಬ್ಬರೂ ಇರಲಿಲ್ಲ: ಅನಂತಸ್ವಾಮಿ 1995ರಲ್ಲಿ, ಅಶ್ವಥ್ 2009ರಲ್ಲಿ ತೀರಿಕೊಂಡಿದ್ದರು. ಗಾಯಕರೊಬ್ಬರು ಈ ಆದೇಶದ ವಿರುದ್ಧ ಹೈಕೋರ್ಟಿಗೆ ಹೋದರು, ನ್ಯಾಯಾಲಯದಲ್ಲೇ ಹಾಡಿ ತೋರಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. 2024ರಲ್ಲಿ ಅರ್ಜಿ ವಜಾ ಆಯಿತು. ಉಳಿದೆಲ್ಲ ಹಾಡುಗಳ ಧಾಟಿಯ ಬಗ್ಗೆ ತಲೆ ಕೆಡಿಸಿಕೊಳ್ಳದ ನಾವು ಒಂದು ಹಾಡಿಗೆ ಮಾತ್ರ ನ್ಯಾಯಮೂರ್ತಿಗಳ ತನಕ ಹೋದೆವು. ವಿಚಿತ್ರ ಅನ್ನಿಸುತ್ತದೆ, ಆದರೂ ಆ ಜಗಳ ನನಗೆ ಇಷ್ಟ. ಧಾಟಿಗೊಬ್ಬ ಅಪ್ಪನಿದ್ದಾನೆ ಎಂಬುದು ಅಷ್ಟು ಜನರಿಗೆ ಒಮ್ಮೆಗೇ ಗೊತ್ತಾದದ್ದು ಆಗಲೇ.

(ಅಡಿಟಿಪ್ಪಣಿ: ಆದೇಶದ ನಂತರವೂ ಒಂದು ಬಡಾವಣೆಯಲ್ಲಿ ಅಶ್ವಥ್ ಧಾಟಿಯಲ್ಲೇ ಹಾಡಿದರು. ಸಂಘದ ಕಾರ್ಯದರ್ಶಿ ಗಡಿಯಾರ ನೋಡುತ್ತಿದ್ದರು, ಕಿವಿ ಕೊಟ್ಟಿದ್ದಂತೆ ಕಾಣಲಿಲ್ಲ.)

*

ಷರೀಫರದ್ದು ಇನ್ನೊಂದು ಕಥೆ. ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳು ಧಾರವಾಡ ಸೀಮೆಯ ಭಜನಾಮೇಳಗಳ ಬಾಯಲ್ಲಿ, ತಂಬೂರಿ ದಮ್ಮಡಿಯ ಜತೆ ಬದುಕಿದ್ದವು. ಅಶ್ವಥ್ ಅವನ್ನು ತಮ್ಮ ರಾಗದಲ್ಲಿ ಕಟ್ಟಿದರು. ಕ್ಯಾಸೆಟ್ಟಾಯಿತು, ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಸಿನಿಮಾ ಆಯಿತು, ಶಿವಮೊಗ್ಗ ಸುಬ್ಬಣ್ಣನವರ ಕಂಠವೂ ಸೇರಿತು. ಮುಂದೆ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗುಡುಗುಡಿಯ ಪದವನ್ನು ಗಿಟಾರಿಗೆ ಹಾಕಿದರು. ಈಗ ಬಡಾವಣೆಯ ಆರ್ಕೆಸ್ಟ್ರಾ ಹಾಡುವುದು ರಘು ದೀಕ್ಷಿತರ ಗುಡುಗುಡಿ. ಸುಗಮ ಸಂಗೀತದವರ ಷರೀಫರು ಇನ್ನೂ ಅಶ್ವಥ್ ಅವರ ಷರೀಫರು. ಒಂದೇ ವೇದಿಕೆಯ ಮೇಲೆ ಇಬ್ಬರು ಷರೀಫರನ್ನು ಕೇಳಿ, ಪಕ್ಕದಲ್ಲಿ ಕೂತಿದ್ದ ಹುಬ್ಬಳ್ಳಿ ಕಡೆಯ ಹಿರಿಯರು ‘ನಮ್ಮೂರ ಭಜನಿಯೊಳಗ ಎರಡೂ ಹಿಂಗಿಲ್ಲ ಬಿಡ್ರಿ’ ಅಂದರು. ಹೆಂಗಿದೆ ಅಂತ ಕೇಳಿದ್ದಕ್ಕೆ ಹಾಡಲು ಶುರುಮಾಡಿದರು. ಮುಂದಿನ ಸಾಲಿನವರು ತಿರುಗಿ ‘ಶ್’ ಅಂದರು.

*

ಕಾನೂನು ಓದಿ ನೋಡಿದೆ, ಗೊಂದಲ ಕಡಿಮೆಯಾದೀತು ಅಂತ. 2012ರ ತಿದ್ದುಪಡಿಯ ಪ್ರಕಾರ ಬೇರೆಯವರ ಹಾಡನ್ನು ಕವರ್ ಆಗಿ ಶಾಸನಬದ್ಧ ಪರವಾನಗಿಯಲ್ಲಿ ಮುದ್ರಿಸಬೇಕಾದರೆ ಮೊದಲ ಧ್ವನಿಮುದ್ರಣ ನಡೆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ವರ್ಷಕ್ಕೆ ಕನಿಷ್ಠ ಐವತ್ತು ಸಾವಿರ ಪ್ರತಿಗಳ ರಾಯಧನ ಕೊಡಬೇಕು, ಇದು ಕವರ್ ಎಂದು ಹೊದಿಕೆಯ ಮೇಲೆ ಬರೆದಿರಬೇಕು. ಒಪ್ಪಿಗೆಯಿಲ್ಲದೆ, ತಾಂತ್ರಿಕ ಅಗತ್ಯ ಮೀರಿ ಹಾಡನ್ನು ಬದಲಿಸುವ ಹಾಗೂ ಇಲ್ಲ. ಇದೆಲ್ಲ ಮುದ್ರಣದ ಮಾತು. ವೇದಿಕೆಯ ಪ್ರದರ್ಶನದ ಪರವಾನಗಿ ಬೇರೆಯೇ ದಾರಿ. ನಾನು ಮಾತಾಡಿಸಿದ ಸಂಘದವರಿಗೆ ಗೊತ್ತಿದ್ದದ್ದು ಪೊಲೀಸ್ ಪರವಾನಗಿ ಒಂದೇ.

ಅವರೆಲ್ಲರಿಗೂ ಬಾಯಿಪಾಠವಿರುವ ನಿಯಮ ಒಂದಿದೆ: ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್. 2000ದ ಶಬ್ದಮಾಲಿನ್ಯ ನಿಯಮಾವಳಿ. ಇದರಿಂದ ಸಂಗೀತಕ್ಕೆ ಆಗಿರುವ ಪರಿಣಾಮ ಯಾರಾದರೂ ಕೂತು ಬರೆಯಬೇಕು. ಮುಖ್ಯ ಅತಿಥಿಗಳು ಏಳಕ್ಕೆ ಬರಬೇಕಾದವರು ಎಂಟೂವರೆಗೆ ಬಂದು ಒಂಬತ್ತೂಕಾಲರವರೆಗೆ ಮಾತಾಡಿದರೆ ಎರಡು ತಂಡಕ್ಕೂ ಸೇರಿ ಉಳಿಯುವುದು ಮುಕ್ಕಾಲು ಗಂಟೆ. ಆಗ ತಂಡಗಳು ಒಂದಾಗುತ್ತವೆ. ಹಾರ್ಮೋನಿಯಂ ಮೇಷ್ಟ್ರ ಪಕ್ಕಕ್ಕೆ ಪ್ಯಾಡಿನ ಹುಡುಗ ಬರುತ್ತಾನೆ, ಯಾರಿಗೆ ಯಾವ ಚರಣ ಬರುತ್ತದೋ ಅದನ್ನು ಅವರು ಹಾಡುತ್ತಾರೆ. ನಾನು ಕೇಳಿದ ಅತ್ಯುತ್ತಮ ಗಾಯನಗಳಲ್ಲಿ ಒಂದೆರಡು ಈ ಗಡಿಬಿಡಿಯಲ್ಲೇ ಹುಟ್ಟಿದವು. ತಾಲೀಮಿಲ್ಲ, ಕ್ಯಾಸೆಟ್ಟಿನ ಕೊಳಲನ್ನು ನೆನಪಿಸಿಕೊಳ್ಳಲು ಪುರುಸೊತ್ತಿಲ್ಲ. ಜನರಿಗೂ ‘ಒರಿಜಿನಲ್’ ನೆನಪಾಗುವುದಿಲ್ಲ.

*

ಆಮಂತ್ರಣ ಪತ್ರಿಕೆಯೊಂದನ್ನು ಎತ್ತಿಟ್ಟುಕೊಂಡಿದ್ದೇನೆ. ಉದ್ಘಾಟಕರು, ಅಧ್ಯಕ್ಷರು, ಗೌರವ ಉಪಸ್ಥಿತಿ, ಶಾಮಿಯಾನ, ಧ್ವನಿ ಬೆಳಕು, ಪ್ರಸಾದ ಸೇವೆ, ಎಲ್ಲರ ಹೆಸರೂ ದಪ್ಪಕ್ಷರದಲ್ಲಿ. ಕೆಳಗೆ ಒಂದೇ ಸಾಲು: ‘ನಂತರ ರಸಮಂಜರಿ’. ಹಾಡುವವರ ಹೆಸರಿಲ್ಲ, ಇನ್ನು ಧಾಟಿ ಹಾಕಿದವರದ್ದು ಎಲ್ಲಿಂದ ಬರಬೇಕು. ಮುಂದಿನ ವರ್ಷ ಹಾಡುಗಳ ಪಟ್ಟಿ, ಕವಿ, ಸಂಗೀತ ಸಂಯೋಜಕರ ಹೆಸರು ಹಾಕಿಸಬಹುದಲ್ಲ ಎಂದು ಕಾರ್ಯದರ್ಶಿಗೆ ಹೇಳಿದೆ. ಒಳ್ಳೆಯ ಮನುಷ್ಯ, ಕಿಸೆಯಿಂದ ಪೆನ್ನು ತೆಗೆದು ಬರೆದುಕೊಂಡರು.

‘ಹಾಕ್ಸೋಣ ಸಾರ್. ಆದ್ರೆ ಅವರು ಏನು ಹಾಡ್ತಾರೆ ಅಂತ ಅವರಿಗೇ ಆವತ್ತಿನವರೆಗೆ ಗೊತ್ತಿರಲ್ಲವಲ್ಲ?’