ಓದಲಾಗದ ಹಾಳೆಗೆ ರುಜು

ಚೆನ್ನೈನ ಮೈಲಾಪೂರಿನ ಮಾಡ ಬೀದಿಗಳ ಕನ್ನಡ ಮನೆಗಳಲ್ಲಿ ಅಡುಗೆಮನೆಯ ಮಾತು ಕನ್ನಡ, ತರಕಾರಿ ಚೌಕಾಸಿ ತಮಿಳು. ತಮಿಳನ್ನು ನೀರು ಕುಡಿದಂತೆ ಆಡುವವರಲ್ಲೂ ಓದಲು ಬಾರದವರಿದ್ದಾರೆ. ಬಸ್ಸಿನ ಬೋರ್ಡಾದರೆ ಪಕ್ಕದವರನ್ನು ಕೇಳಿದರಾಯಿತು. ಠಾಣೆಯಲ್ಲಿ ಮುಂದಿಟ್ಟ ಬಂಧನದ ಮೆಮೊಗೆ ಯಾರನ್ನು ಕೇಳುವುದು?

ಕಾನೂನು ಇದನ್ನು ಮರೆತಿಲ್ಲ. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತೆರೆದ ಕೋರ್ಟಿನಲ್ಲೇ ಅವನ ಭಾಷೆಗೆ ತಂದು ಹೇಳಬೇಕೆಂದು ಹಳೆಯ ದಂಡಪ್ರಕ್ರಿಯಾ ಸಂಹಿತೆಯ 279ನೇ ಕಲಮೇ ಹೇಳಿತ್ತು. ಬಂಧನದ ಕಾರಣವನ್ನೂ ಅವನಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕೆಂದು 2025ರಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿತು. ಠಾಣೆಯ ಮೇಜಿನ ಮೇಲೆ ಇದು ನಡೆಯಲೇಬೇಕು, ಏಕೆಂದರೆ ಅಲ್ಲಿ ಬರಹಕ್ಕಿಳಿದ ತಪ್ಪನ್ನು ಮೇಲಿನ ಕೋರ್ಟುಗಳಲ್ಲಿ ಅಳಿಸುವುದು ಬಹಳ ಕಷ್ಟ.

ಭಾಷೆ ಬಂದವರೆಲ್ಲ ಪಾರಾಗುತ್ತಾರೆಂದೂ ಅಲ್ಲ. 1944ರ ನವೆಂಬರಿನಲ್ಲಿ ಮದರಾಸಿನ ವೇಪೇರಿಯಲ್ಲಿ ಪತ್ರಕರ್ತ ಲಕ್ಷ್ಮೀಕಾಂತನ್‌ಗೆ ಚೂರಿ ಬಿತ್ತು. ತಮಿಳು ಚಿತ್ರರಂಗದ ತಾರೆ ತ್ಯಾಗರಾಜ ಭಾಗವತರ್ ಮತ್ತು ಹಾಸ್ಯನಟ ಎನ್‌.ಎಸ್‌. ಕೃಷ್ಣನ್ ಕೊಲೆಗೆ ಸಂಚು ಹೂಡಿದರೆಂದು 1945ರಲ್ಲಿ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. ಮಾಫಿಸಾಕ್ಷಿಯ ಮಾತು ಆ ಕೇಸಿನ ಮುಖ್ಯ ಆಧಾರಗಳಲ್ಲೊಂದು. ಬ್ರಾಡ್‌ವೇ ಥಿಯೇಟರಿನಲ್ಲಿ ‘ಹರಿದಾಸ್’ ಚಿತ್ರ ಓಡುತ್ತಲೇ ಇತ್ತು. ಅದರ ನಾಯಕ ಭಾಗವತರ್ ಜೈಲಿನಲ್ಲಿದ್ದರು. ಅಪೀಲನ್ನು ಮತ್ತೆ ಕೇಳಿರೆಂದು ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿದ ಮೇಲೆ, 1947ರಲ್ಲಿ ಇಬ್ಬರೂ ಖುಲಾಸೆಯಾದರು. ಭಾಗವತರಿಗೆ ಹಳೆಯ ವೈಭವ ಮರಳಲಿಲ್ಲ. 1959ರಲ್ಲಿ ತೀರಿಕೊಂಡರು. ಇಷ್ಟು ಹೆಸರಿದ್ದ, ದೊಡ್ಡ ವಕೀಲರನ್ನಿಡುವ ಶಕ್ತಿಯಿದ್ದ ಮನುಷ್ಯನ ಗತಿಯೇ ಇದಾದರೆ ಬಡವನ ಪಾಡೇನು?

ಕೊಡಗಿನ ಜೇನುಕುರುಬ ಕೂಲಿಕಾರರೊಬ್ಬರು ಹೆಂಡತಿ ಕಾಣೆಯಾದಳೆಂದು ತಾವೇ ದೂರು ಕೊಟ್ಟಿದ್ದರು. ಬೆಟ್ಟದಪುರದ ಬಳಿ ಎಲುಬುಗಳು ಸಿಕ್ಕವು, ಕೊಲೆ ಆರೋಪ ಅವರ ಮೇಲೇ ಬಂತು. ಎಲುಬು ಅವಳದಲ್ಲವೆಂದು ಡಿಎನ್‌ಎ ಪರೀಕ್ಷೆ ಹೇಳಿದ ಮೇಲೂ ಮೊಕದ್ದಮೆ ನಿಲ್ಲಲಿಲ್ಲ. ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿ ಕಳೆದರು. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯ ಹೋಟೆಲಿನಲ್ಲಿ ಜೀವಂತ ಕಂಡಳು! ಮೈಸೂರಿನ ಕೋರ್ಟ್ ಅವರನ್ನು ಬಿಡುಗಡೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ಒಡೆದ ಸಂಸಾರಕ್ಕೆ, ಊರಿನವರ ಮುಂದೆ ಹೊತ್ತ ಕೊಲೆಗಾರನೆಂಬ ಹೆಸರಿಗೆ ಆ ಮೊತ್ತ ಯಾವ ಲೆಕ್ಕದಲ್ಲೂ ಸಾಲದು.

ಇಂಥವರಿಗೆ ಪರಿಹಾರ ಹಕ್ಕಾಗಿಯೇ ಸಿಗಬೇಕೆಂದು ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. 2025ರ ಜುಲೈನಲ್ಲಿ ತಮಿಳುನಾಡಿನ ತೇನಿ ಜೋಡಿ ಕೊಲೆ ಕೇಸಿನ ಮರಣದಂಡನೆಗೆ ಗುರಿಯಾಗಿದ್ದವನನ್ನು ಖುಲಾಸೆ ಮಾಡುವಾಗ ಸುಪ್ರೀಂ ಕೋರ್ಟ್ ಕೂಡ ಪರಿಹಾರದ ಪ್ರಶ್ನೆ ಎತ್ತಿ, ಅದನ್ನು ಶಾಸಕಾಂಗಕ್ಕೆ ಬಿಟ್ಟಿತು.