ಎಷ್ಟು ನೋಡಿದರೂ ಅಷ್ಟೇ ಹಣ

ನಮ್ಮ ಮನೆ ವಿಶ್ವೇಶ್ವರಪುರದಲ್ಲಿ, ಸಜ್ಜನರಾವ್ ವೃತ್ತಕ್ಕೆ ಕೂಗಳತೆಯ ದೂರದಲ್ಲಿದೆ. ಸಂಜೆಯಾಯಿತೆಂದರೆ ತಿಂಡಿ ಬೀದಿಯ ಒಗ್ಗರಣೆಯ ವಾಸನೆ ನಮ್ಮ ಪಡಸಾಲೆಯವರೆಗೂ ಬರುವುದು. ಇನ್ನೊಂದು ಕಡೆಗೆ ನಡೆದರೆ ಮಿನರ್ವ ವೃತ್ತ ಸಿಕ್ಕುವುದು; ಅದಕ್ಕೆ ಹೆಸರು ಕೊಟ್ಟ ಟಾಕೀಸು ಇಂದು ಇಲ್ಲ, ಹೆಸರು ಮಾತ್ರ ಉಳಿದಿದೆ. ತಿನ್ನುವ ಬೀದಿಗೂ ನೋಡುವ ಬೀದಿಗೂ ನಡುವೆ ನಾವು ಸಂಸಾರ ಹೂಡಿ ನಲವತ್ತು ವರ್ಷಗಳಾದವು. ಆದರೂ ಈ ಎರಡು ವ್ಯಾಪಾರಗಳ ಲೆಕ್ಕ ನಮಗೆ ಸರಿಯಾಗಿ ತಿಳಿದುದು 2018ರಲ್ಲಿ. ತಿಳಿಸಿದವರು ನಮ್ಮ ಮನೆಯವರು. ಬೆಲೆ ತೆತ್ತವನು ನಮ್ಮ ಸೋದರಳಿಯ.

ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಹುಡುಗ, ಹೈಸ್ಕೂಲು ಸೇರಿದಂದಿನಿಂದ ಕಾಲೇಜು ಮುಗಿಯುವವರೆಗೆ ನಮ್ಮ ಮನೆಯಲ್ಲಿಯೇ ಬೆಳೆದವನು. ಈಗ ಕಂಪ್ಯೂಟರ್ ಕಂಪೆನಿಯೊಂದರಲ್ಲಿ ಕೆಲಸ. ಆ ವರ್ಷದ ಫೆಬ್ರವರಿಯ ಒಂದು ಭಾನುವಾರ ಬಂದು, ಕಾಫಿ ಮುಗಿಯುವ ಮೊದಲೇ ವಿಷಯಕ್ಕೆ ಬಂದನು. "ಮಾಮ, ತಿಂಗಳಿಗೆ 499 ರೂಪಾಯಿ ಕೊಟ್ಟವರು ಬೆಂಗಳೂರಿನ ಯಾವ ಚಿತ್ರಮಂದಿರದಲ್ಲಾಗಲಿ ಎಷ್ಟು ಸಿನಿಮಾ ಬೇಕಾದರೂ ನೋಡಬಹುದು. ಟಿಕೆಟ್ಟಿನ ಹಣವನ್ನು ನಾನು ಕಟ್ಟುತ್ತೇನೆ. ಆರಂಭಕ್ಕೆ ಆರು ಲಕ್ಷ ಬೇಕು."

ಅವನ ಬಳಿ ನಿದರ್ಶನವೂ ಇತ್ತು. ಅಮೆರಿಕದಲ್ಲಿ 2011ರಲ್ಲಿ ಹುಟ್ಟಿದ ಮೂವಿಪಾಸ್ ಎಂಬ ಕಂಪೆನಿಯು 2017ರ ಆಗಸ್ಟಿನಲ್ಲಿ ತನ್ನ ದರವನ್ನು ತಿಂಗಳಿಗೆ 9.95 ಡಾಲರಿಗೆ ಇಳಿಸಿ, ದಿನಕ್ಕೊಂದು ಸಿನಿಮಾ ನೋಡಿರೆಂದು ಸಾರಿತ್ತು. ಅಲ್ಲಿ ಒಂದೇ ಒಂದು ಟಿಕೆಟ್ಟಿನ ಸರಾಸರಿ ಬೆಲೆಯೇ ಸುಮಾರು ಒಂಬತ್ತು ಡಾಲರು. ಜನರು ಮುಗಿಬಿದ್ದರು; ಆರು ತಿಂಗಳು ತುಂಬುವುದರೊಳಗೆ ಚಂದಾದಾರರು ಇಪ್ಪತ್ತು ಲಕ್ಷ ದಾಟಿದ್ದರು. "ಇಪ್ಪತ್ತು ಲಕ್ಷ ಜನ ತಪ್ಪು ಮಾಡುವರೆ, ಮಾಮ?" ಎಂದು ಹುಡುಗ ಕೇಳಿದನು. ಚಂದಾದಾರರು ತಪ್ಪು ಮಾಡಿರಲಿಲ್ಲ. ಅಗ್ಗದ ಸರಕನ್ನು ಕೊಂಡವನು ಎಂದಾದರೂ ತಪ್ಪು ಮಾಡುವನೆ? ಆದರೆ ಈ ಉತ್ತರ ಆಗ ನಮಗೆ ಹೊಳೆಯಲಿಲ್ಲ. ಅವನ ಮುಖದ ಉತ್ಸಾಹವನ್ನು ಕಂಡು, ಹಿಂದುಮುಂದು ನೋಡದೆ, "ಆಗಲಪ್ಪ" ಎಂದುಬಿಟ್ಟೆವು.

ನಮ್ಮಲ್ಲಿ ಆರು ಲಕ್ಷವಿದ್ದುದು ನಿಜ. ನಾವು ಕೆಲಸದಿಂದ ನಿವೃತ್ತರಾದಾಗ ಬಂದ ಹಣದಲ್ಲಿ ಉಳಿದುದು ಅದು. ನಮ್ಮ ಮನೆಯವರ ಎರಡು ಮೊಣಕಾಲುಗಳ ಶಸ್ತ್ರಚಿಕಿತ್ಸೆಗೆಂದು ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದೆವು.

ರಾತ್ರಿ ಊಟವಾದ ಮೇಲೆ ವಿಷಯವನ್ನು ಅವರಿಗೆ ಹೇಳಿದೆವು. ಅವರು ಮೊಣಕಾಲಿನ ಮಾತನ್ನೇ ಎತ್ತಲಿಲ್ಲ. "ಟಿಕೆಟ್ಟನ್ನು ಇವನು ಎಷ್ಟಕ್ಕೆ ಕೊಳ್ಳುತ್ತಾನೆ?" ಎಂದು ಕೇಳಿದರು.

"ಕೌಂಟರಿನ ಬೆಲೆಗೆ. ಸರಾಸರಿ 200 ರೂಪಾಯಿ ಎಂದು ಹೇಳಿದ."

"ಹಾಗಾದರೆ ತಿಂಗಳಿಗೆ ಎರಡು ಸಿನಿಮಾ ನೋಡಿದರೆ 99 ರೂಪಾಯಿ ಲಾಭ, ಮೂರು ನೋಡಿದರೆ 101 ರೂಪಾಯಿ ನಷ್ಟ."

"ಬಹಳ ಜನ ಒಂದೋ ಎರಡೋ ನೋಡುತ್ತಾರಂತೆ."

"ಒಂದೇ ದೋಸೆ ತಿನ್ನುವವನು ತಿಂಗಳೂಟದ ಚೀಟಿ ಕೊಳ್ಳುತ್ತಾನೆಯೆ?"

ಅವರ ಸೋದರಮಾವನವರು ಹಿಂದೆ ಚಾಮರಾಜಪೇಟೆಯಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಮೆಸ್ಸನ್ನು ನಡೆಸುತ್ತಿದ್ದರು. ಅಲ್ಲಿಯೂ ತಿಂಗಳಿಗೆ ಇಷ್ಟೆಂದು ಹಣ. ಅನ್ನ ಸಾರು ಬೇಡವೆನ್ನುವಷ್ಟು. ತುಪ್ಪಕ್ಕೆ ಮಾತ್ರ ಒಂದು ಮಿಳ್ಳೆ, ಹಪ್ಪಳ ಒಂದೇ, ಪಲ್ಯ ಎರಡು ಸಲ. ಎಂತಹ ಹೊಟ್ಟೆಬಾಕನಾದರೂ ಅವನ ಹೊಟ್ಟೆಗೊಂದು ಮಿತಿಯುಂಟು. ದಸರೆಯ ರಜೆಯಲ್ಲಿ ಹುಡುಗರು ಊರಿಗೆ ಹೋದರೆ ಆ ದಿನಗಳ ಅನ್ನ ಉಳಿತಾಯ. ಎಲ್ಲಕ್ಕಿಂತ ಹೆಚ್ಚಾಗಿ ಒಲೆಯೂ ಅವರದೇ, ಅಕ್ಕಿಯ ಮೂಟೆಯೂ ಅವರದೇ. ಇನ್ನೊಂದು ಸೌಟು ಬಡಿಸುವುದಕ್ಕೆ ಆಗುವ ಖರ್ಚು ಕಾಸಿನಷ್ಟು. "ಮಾವ ಹುಡುಗರಿಂದ ತಿಂಗಳ ಹಣ ಇಸಕೊಂಡು, ಅವರನ್ನು ಇನ್ನೊಬ್ಬರ ಹೋಟೆಲಿಗೆ ಕಳುಹಿಸಿ, ಪ್ರತಿ ಊಟಕ್ಕೂ ಪೂರಾ ಬಿಲ್ಲು ತಾವೇ ಕಟ್ಟಿದ್ದರೆ ಗತಿ ಏನಾಗುತ್ತಿತ್ತು?" ಎಂದು ನಮ್ಮ ಮನೆಯವರು ಕೇಳಿದರು. ಮೂವಿಪಾಸಿನ ಗುಟ್ಟೆಲ್ಲ ಈ ಒಂದು ಪ್ರಶ್ನೆಯಲ್ಲಿತ್ತು. ಅದೂ ಪ್ರತಿ ಟಿಕೆಟ್ಟಿಗೆ ಚಿತ್ರಮಂದಿರಕ್ಕೆ ಪೂರ್ಣ ಬೆಲೆಯನ್ನೇ ತೆರುತ್ತಿತ್ತು.

ಇಷ್ಟರಮೇಲೆ ನಾವು ಮಾಡಿದ ಕೆಲಸ ಹೇಳಿಕೊಳ್ಳುವಂತಹುದಲ್ಲ, ಆದರೂ ಹೇಳುವೆವು. ಈ ಲೆಕ್ಕವನ್ನು ಹುಡುಗನ ಮುಂದಿಟ್ಟು, ಕೊಟ್ಟ ಮಾತನ್ನು ನೇರವಾಗಿ ಹಿಂದಕ್ಕೆ ಪಡೆಯುವ ಧೈರ್ಯ ನಮಗೆ ಬರಲಿಲ್ಲ. ಠೇವಣಿಯ ಅವಧಿ ಇನ್ನೂ ಮುಗಿದಿಲ್ಲವೆಂದು ಸುಳ್ಳು ಹೇಳಿದೆವು. ಆ ಸುಳ್ಳು ನಮ್ಮ ತಂಗಿಯ ಮೂಲಕವೇ ಬಯಲಾಯಿತು. ಹಣ ಇಲ್ಲವೆಂದುದಕ್ಕಿಂತ ತನ್ನನ್ನು ನಂಬಲಿಲ್ಲವೆಂಬುದು ಹುಡುಗನ ಮನಸ್ಸಿಗೆ ಹೆಚ್ಚು ತಾಗಿತು. ಆ ಯುಗಾದಿಗೆ ತಾಯಿ ಮಗ ಇಬ್ಬರೂ ನಮ್ಮ ಮನೆಗೆ ಬರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಹಾಗಾದುದು ಅದೇ ಮೊದಲು. ಬೇವುಬೆಲ್ಲದ ಬಟ್ಟಲು ಸಂಜೆಯವರೆಗೂ ದೇವರ ಮುಂದೆಯೇ ಇತ್ತು.

ಹುಡುಗ ಸುಮ್ಮನೆ ಕೂಡಲಿಲ್ಲ. ತನ್ನ ಸಂಬಳದ ಹಣದಲ್ಲಿಯೇ, ಜೊತೆಗೆ ಕೆಲಸ ಮಾಡುವ 30 ಮಂದಿಯನ್ನು ಸೇರಿಸಿಕೊಂಡು, ಏಪ್ರಿಲಿನಿಂದ ಮೂರು ತಿಂಗಳು ಪ್ರಯೋಗ ಮಾಡಿದನು. ಆಗಸ್ಟಿನ ವರಮಹಾಲಕ್ಷ್ಮಿ ಹಬ್ಬದ ದಿನ, ಕರೆಯದೆಯೇ ಬಂದು, ಒಂದು ನೋಟುಬುಕ್ಕನ್ನು ನಮ್ಮ ಮುಂದೆ ಇಟ್ಟನು. ಮೊದಲ ತಿಂಗಳು ಚಂದಾ 14,970 ರೂಪಾಯಿ. ನೋಡಿದ ಸಿನಿಮಾ 74, ಖರ್ಚು 14,800. ಲಾಭ 170 ರೂಪಾಯಿ. ಅಂದು ಅವನು ಸ್ನೇಹಿತರಿಗೆ ಕಾಫಿ ಕೊಡಿಸಿದ್ದನಂತೆ. ಎರಡನೆಯ ತಿಂಗಳು, ಒಂದೇ ಸಿನಿಮಾ ನೋಡಿದ್ದ ಹತ್ತು ಮಂದಿ ಬಿಟ್ಟುಹೋದರು; ಸಿನಿಮಾ ಹುಚ್ಚಿನವರು ತಮ್ಮಂತಹ ಆರು ಮಂದಿಯನ್ನು ಕರೆತಂದರು. ಚಂದಾ 12,974, ಸಿನಿಮಾ 104, ಖರ್ಚು 20,800. ಮೂರನೆಯ ತಿಂಗಳು ಉಳಿದವರು 24. ನೋಡಿದ ಸಿನಿಮಾ 132. ಆ ಒಂದು ತಿಂಗಳಲ್ಲಿಯೇ 14,424 ರೂಪಾಯಿ ಕೈಬಿಟ್ಟಿತು. ಮೂರು ತಿಂಗಳಿಗೆ ಸೇರಿ ನಿವ್ವಳ ನಷ್ಟ 22,080 ರೂಪಾಯಿ. ಪದೇ ಪದೇ ಬರುವ ಗಿರಾಕಿಯು ಬೇರೆ ಅಂಗಡಿಗಳಿಗೆ ಲಕ್ಷ್ಮಿ. ಈ ಅಂಗಡಿಗೆ ಮಾತ್ರ ಅವನೇ ಸಾಲಗಾರನ ಹಾಗೆ ಬಂದು ನಿಲ್ಲುವನು.

ಅಷ್ಟು ಹೊತ್ತಿಗೆ ಅಮೆರಿಕದ ಸುದ್ದಿಯೂ ಬಂದಿತ್ತು. ಮೂವತ್ತು ಲಕ್ಷಕ್ಕೆ ಮೀರಿ ಚಂದಾದಾರರಿದ್ದ ಮೂವಿಪಾಸು ಆ ಜುಲೈ ಕೊನೆಯಲ್ಲಿ ಟಿಕೆಟ್ಟು ಕೊಳ್ಳಲು ಕೈಯಲ್ಲಿ ಹಣವಿಲ್ಲದೆ ನಿಂತುಹೋಗಿ, 50 ಲಕ್ಷ ಡಾಲರು ಸಾಲ ತಂದು ಮತ್ತೆ ಬಾಗಿಲು ತೆರೆದಿತ್ತು. ಬಾರದ ಚಂದಾದಾರರ ಹಣ ಉಳಿಯುವುದೆಂದೂ, ಬರುವವರ ಅಭಿರುಚಿಯ ವಿವರಗಳನ್ನು ಮಾರಬಹುದೆಂದೂ, ಚಿತ್ರಮಂದಿರಗಳು ಲಾಭದಲ್ಲಿ ಪಾಲು ಕೊಡುವುವೆಂದೂ ಅದು ನಂಬಿತ್ತು. ಒಂದೂ ಕೈಗೂಡಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಸೇವೆ ನಿಂತಿತು; 2020ರ ಜನವರಿಯಲ್ಲಿ ಅದರ ಒಡೆತನದ ಕಂಪೆನಿ ದಿವಾಳಿಯ ಅರ್ಜಿ ಹಾಕಿತು. ಈ ದರದಿಂದ ಲಾಭ ಬರುವುದೆಂದು ಹಣ ಹೂಡಿದವರನ್ನು ವಂಚಿಸಿದರೆಂಬ ಮೊಕದ್ದಮೆಯಲ್ಲಿ ಅದನ್ನು ನಡೆಸಿದ ಇಬ್ಬರು ಪ್ರಮುಖರು, ಒಬ್ಬರು 2024ರಲ್ಲಿ, ಇನ್ನೊಬ್ಬರು 2025ರಲ್ಲಿ, ತಪ್ಪೊಪ್ಪಿಕೊಂಡರು.

ಹಾಗೆಂದು ತಿಂಗಳ ಚೀಟಿಯೆಲ್ಲ ಮೋಸವೆಂದು ತಿಳಿಯಬಾರದು. ಫ್ರಾನ್ಸಿನಲ್ಲಿ ಯೂಜೀಸೀ ಎಂಬ ಚಿತ್ರಮಂದಿರಗಳ ಕಂಪೆನಿ 2000ದಲ್ಲಿ ಆರಂಭಿಸಿದ ಇಂತಹ ಚೀಟಿ ಇಂದಿಗೂ ನಡೆಯುತ್ತಿದೆ. ನಮ್ಮ ದೇಶದಲ್ಲಿ ಪಿವಿಆರ್ ಐನಾಕ್ಸ್ ಕಂಪೆನಿಯು 2023ರ ಅಕ್ಟೋಬರಿನಲ್ಲಿ 699 ರೂಪಾಯಿಗೆ ತಿಂಗಳಿಗೆ ಹತ್ತು ಸಿನಿಮಾಗಳ ಪಾಸನ್ನು ತಂದಿತು. ಇವರಿಗೆ ಒಲೆ ತಮ್ಮದೇ. ಬುಧವಾರ ಮಧ್ಯಾಹ್ನದ ಆಟದಲ್ಲಿ ಖಾಲಿ ಉಳಿದ ಕುರ್ಚಿ ಆಟ ಮುಗಿದಮೇಲೆ ಮೂರು ಕಾಸಿಗೂ ಬಾರದು. ದೀಪವೂ ತಂಪುಯಂತ್ರವೂ ಹೇಗೂ ನಡೆಯುತ್ತಿರುತ್ತವೆ. ಅಲ್ಲಿ ಒಬ್ಬನನ್ನು ಕೂಡಿಸಿದರೆ ಹಂಚಿಕೆದಾರನಿಗೆ ಪಾಲು ಕೊಡಬೇಕಾಗುವುದು ನಿಜ. ಆದರೆ ಬಂದವನು ಕೊಳ್ಳುವ ಜೋಳದ ಅರಳಿನ ಲಾಭ ಮನೆಯೊಳಗೇ ಉಳಿಯುವುದು. ಅಲ್ಲದೆ ಆ ಪಾಸು ಸೋಮವಾರದಿಂದ ಗುರುವಾರದವರೆಗೆ ಮಾತ್ರ. ಅಂದರೆ, ಅನ್ನ ಧಾರಾಳ, ತುಪ್ಪ ಒಂದೇ ಮಿಳ್ಳೆ.

ಆದುದರಿಂದ ಸಂಸಾರಿಗಳು ಇಂತಹ ಯೋಜನೆಯ ಚೀಟಿಯನ್ನು ಕೊಳ್ಳುವುದಾದರೆ ತಮ್ಮ ಬಿಡುವನ್ನು ನೋಡಿಕೊಂಡು ಕೊಳ್ಳಲಿ. ಒಂದು ವರ್ಷದ ಹಣವನ್ನು ಮುಂಗಡವಾಗಿ ಕಟ್ಟದಿರಲಿ. ಅದರಲ್ಲಿ ಬಂಡವಾಳ ಹೂಡುವುದಾದರೆ, ಕುರ್ಚಿ ಯಾರದು ಎಂದು ಮೊದಲು ಕೇಳಲಿ.

ಆ ಹಬ್ಬದ ದಿನ ನೋಟುಬುಕ್ಕನ್ನು ಮುಚ್ಚಿ ಹುಡುಗನು, "ಮಾಮ, ಅಂದೇ ನೀವು ಈ ಲೆಕ್ಕ ಹೇಳಿದ್ದರೆ ನಿಮ್ಮೊಡನೆ ಜಗಳವಾಡುತ್ತಿದ್ದೆ. ಆದರೆ ಕೇಳಿಸಿಕೊಳ್ಳುತ್ತಿದ್ದೆ" ಎಂದನು. ನಮಗೆ ಉತ್ತರ ತೋರಲಿಲ್ಲ. ತಪ್ಪಾಯಿತೆಂದು ಮಾತ್ರ ಹೇಳಿದೆವು. ಅವನ ಅತ್ತೆ ಎಲೆ ಹಾಕಿ, "ನಿಮ್ಮ ಅಮ್ಮನನ್ನೂ ಫೋನು ಮಾಡಿ ಕರೆ, ಒಬ್ಬಟ್ಟು ಆರಿಹೋಗುತ್ತದೆ" ಎಂದರು. ನಮ್ಮ ತಂಗಿ ಬಂದಳು.

ಮುಂದಿನ ಜನವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯಲ್ಲಿ ಐದು ರಾತ್ರಿಗಳೂ ಬೆಂಚಿನ ಮೇಲೆ ಮಲಗಿದವನು ಅವನೇ. ಈಗ ನಮ್ಮ ಮನೆಯವರು ಕೋಲಿಲ್ಲದೆ ನಡೆಯುವರು. ಯಾವಾಗಲಾದರೂ ಒಂದು ಭಾನುವಾರ ಅವನು ಬಂದು ನಮ್ಮಿಬ್ಬರನ್ನೂ ಲಾಲ್‌ಬಾಗಿನ ಬಳಿಯ ಊರ್ವಶಿ ಚಿತ್ರಮಂದಿರಕ್ಕೆ ಕರೆದೊಯ್ಯುತ್ತಾನೆ. ಮೂವರಿಗೆ ಮೂರು ಟಿಕೆಟ್ಟು. ಹಣವನ್ನು ತಾನೇ ಕೊಡುತ್ತಾನೆ, ಅತ್ತೆಗೆ ಕಾಲು ಚಾಚಲು ಅನುಕೂಲವಾಗಲೆಂದು ಅಂಚಿನ ಕುರ್ಚಿಯನ್ನೇ ಕೇಳಿ ಪಡೆಯುತ್ತಾನೆ.